ಹೋರಿ ಮೂರು ಸಲ ಹಾಯ್ದಾಗ

ಪಾಸ್ಕಾ ಮೆರೆಯು ತನ್ನ ಕೊಂಪಾರೆಯ ಹೊಟ್ಟೆಗೆ ಚೂರಿ ಹಿಡಿದದ್ದು ಜೂನ್ ತಿಂಗಳ ಒಂದು ಮಂಗಳವಾರ, ಬೆಳಗಿನ ಹತ್ತು ಗಂಟೆಗೆ, ಹದಿನಾಲ್ಕು ಜನರ ಕಣ್ಣೆದುರಿಗೆ. ಹದಿನಾಲ್ಕು ಜನರೂ ಕಸಾಯಿಖಾನೆಯ ಕೆಲಸಗಾರರು. ಚೂರಿ ಎಂದರೆ ಅವರಿಗೆ ಚಮಚ ಇದ್ದ ಹಾಗೆ. ಆದರೂ ಆ ಹೊತ್ತು ಎಲ್ಲರ ಕೆಲಸವೂ ನಿಂತಿತು.

ಕೊಂಪಾರೆ ಎಂದರೆ ಸುಮ್ಮನೆ ಮಾತಲ್ಲ. ಇಪ್ಪತ್ತು ವರ್ಷದ ಹಿಂದೆ ಬಕೀಜಿಯೊ ಸೆಲಿಸನ ಮಗಳಿಗೆ ಇಗರ್ಜಿಯಲ್ಲಿ ದೀಕ್ಷಾಸ್ನಾನವಾದಾಗ ಕೂಸನ್ನು ತೋಳಿನಲ್ಲಿ ಹಿಡಿದು ನಿಂತವಳು ಪಾಸ್ಕಾ. ಅವತ್ತಿನಿಂದ ಅವನು ಅವಳಿಗೆ ಕೊಂಪಾರೆ, ಅವಳು ಅವನಿಗೆ ಕೊಮಾರೆ. ಸಾರ್ಡೀನಿಯಾದ ಬೆಟ್ಟದೂರುಗಳಲ್ಲಿ ಒಡಹುಟ್ಟಿದವರು ಬೇಕಾದರೆ ಮಾತು ಬಿಡಬಹುದು. ಈ ನಂಟಿನವರು ಬಿಡುವ ಹಾಗಿಲ್ಲ. ಒಬ್ಬರನ್ನೊಬ್ಬರು ಬಹುವಚನದಲ್ಲೇ ಮಾತಾಡಿಸಬೇಕು, ಬೈಯುವಾಗಲೂ.

ಪಾಸ್ಕಾಳಿಗೆ ಆಗ ನಲವತ್ತಾರು. ಹನ್ನೊಂದನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂದಿತ್ತು, ಇಪ್ಪತ್ತೆಂಟಕ್ಕೆ ಥೈರಾಯ್ಡು, ಮೂವತ್ತೇಳಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್. ಆ ಸೀಮೆಯಲ್ಲಿ ಇದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಬೀದಿಗೊಬ್ಬರಿಗೆ ಇದು, ಮನೆಗೊಬ್ಬರಿಗೆ ಅದು, ಕೆಲವರಿಗೆ ಎಲ್ಲವೂ. ಸ್ಕ್ಲೆರೋಸಿಸ್ ಕೆರಳಿ ಕಾಲು ಬಿದ್ದುಹೋದಾಗ ಆಸ್ಪತ್ರೆಯವರು ಐದು ದಿನ ಕಾರ್ಟಿಸೋನ್ ಹರಿಸುತ್ತಿದ್ದರು. ಕಾಲು ಏಳುತ್ತಿತ್ತು, ರಕ್ತದ ಸಕ್ಕರೆ ನಾನೂರಕ್ಕೆ ಹಾರುತ್ತಿತ್ತು. ಒಂದಕ್ಕೆ ಹಾಕಿದ ಮದ್ದನ್ನು ಇನ್ನೊಂದು ತಿಂದು ಕೊಬ್ಬುತ್ತಿತ್ತು. ಎಡಗಣ್ಣಿಗೆ ಕೆಂಪು ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ. ಬಲಗಣ್ಣು ಮುಚ್ಚಿ ನೋಡಿದರೆ ರಕ್ತವೆಲ್ಲ ಇಟ್ಟಿಗೆ ಪುಡಿ ಕಲಸಿದ ನೀರಿನಂತಿರುತ್ತಿತ್ತು. ಬಲಗೈ ಬೆರಳುಗಳಿಗೆ ಯಾವಾಗಲೂ ಗವಸು ತೊಟ್ಟಂಥ ಮಂಪರು. ಚೂರಿ ಕೈಯಲ್ಲಿದೆ ಎಂದು ತಿಳಿಯಲು ಅವಳು ಚೂರಿಯನ್ನು ನೋಡಬೇಕಾಗಿತ್ತು.

ಹಾಗಿದ್ದೂ ಮಾಂಸ ಬಿಡಿಸುವುದರಲ್ಲಿ ಅವಳನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಅದಕ್ಕೆ ಕಾರಣ ತಂಪುಕೋಣೆ. ಕಾಯಿಲೆ ತಿಂದುಹಾಕಿದ ನರಗಳು ಚಳಿಯಲ್ಲಿ ಹೇಳಿದ ಮಾತು ಕೇಳುತ್ತವೆ, ಬಿಸಿ ತಾಗಿದರೆ ಮುನಿಸಿಕೊಳ್ಳುತ್ತವೆ. ಮನೆಯ ಅಂಗಳದ ಬಿಸಿಲಿನಲ್ಲಿ ಹತ್ತು ಹೆಜ್ಜೆಗೆ ಸೋಲುತ್ತಿದ್ದ ಕಾಲು ತಂಪುಕೋಣೆಯಲ್ಲಿ ಎಂಟು ಗಂಟೆ ನಿಲ್ಲುತ್ತಿತ್ತು. ಹತ್ತೊಂಬತ್ತು ವರ್ಷ ಅವಳು ಅಲ್ಲೇ ದುಡಿದಿದ್ದಳು. ಮೊದಲ ಸಲ ಬಿದ್ದಾಗ ಅವಳನ್ನು ಎತ್ತಿ ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು ಇದೇ ಬಕೀಜಿಯೊ.

ಈಗ ಅವನು ಮೇಸ್ತ್ರಿ. ಏಪ್ರಿಲ್‌ನಿಂದ ಅವನಿಗೆ ಏನಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಪಾಸ್ಕಾ ಎದುರಿಗೆ ಬಂದರೆ ಮುಖ ಸಿಂಡರಿಸುತ್ತಿದ್ದ. ಅವಳ ಕಾಲು ಎಳೆದರೆ ಎಲ್ಲರೆದುರಿಗೆ ಅಣಕಿಸುತ್ತಿದ್ದ. ಮೇ ತಿಂಗಳಲ್ಲಿ ಅವಳನ್ನು ತಂಪುಕೋಣೆಯಿಂದ ಎಬ್ಬಿಸಿ ದನ ಕೆಡವುವ ಕಡೆಗೆ ಹಾಕಿದ. ಅಲ್ಲಿ ತಗಡಿನ ಸೂರು, ಚೂರಿ ತೊಳೆಯುವ ಕುದಿನೀರಿನ ತೊಟ್ಟಿಗಳು, ಹಸಿಬಿಸಿ ಕರುಳಿನ ಹಬೆ. ಪಿಸ್ತೂಲು ಹಿಡಿಯುವ ಪರವಾನಗಿ ಅವಳಿಗಿತ್ತು ಎನ್ನುವುದು ನೆಪ. ಗುಂಡು ಹಾರುವ ಪಿಸ್ತೂಲಲ್ಲ ಅದು. ದನದ ಹಣೆಗೆ ಒತ್ತಿ ಟ್ರಿಗರ್ ಎಳೆದರೆ ಒಳಗಿನ ಉಕ್ಕಿನ ಮೊಳೆ ತಲೆಬುರುಡೆಗೆ ಬಡಿದು ವಾಪಸು ಬರುತ್ತದೆ, ದನ ಪ್ರಜ್ಞೆ ತಪ್ಪಿ ಕುಸಿಯುತ್ತದೆ. ಆಮೇಲೆ ಕತ್ತು ಕೊಯ್ಯುವುದು.

ಆ ಮಂಗಳವಾರ ಪಾಸ್ಕಾಳ ತುಟಿ ಜೋಮು ಹಿಡಿಯತೊಡಗಿತ್ತು. ಸಕ್ಕರೆ ಇಳಿಯುವಾಗ ಹಾಗೇ. ಕೆಲಸದ ಜಾಗದಲ್ಲಿ ತಿನ್ನುವುದನ್ನು ಇಟ್ಟುಕೊಳ್ಳಬಾರದು ಎಂದು ನಿಯಮ. ಅದಕ್ಕೇ ಅವಳು ನಾಲ್ಕು ಸಕ್ಕರೆ ಅಚ್ಚುಗಳನ್ನು ಟೋಪಿಯ ಮಡಿಕೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದಳು. ತೆಗೆಯಲು ಕೈಯೆತ್ತಿದಳು. ಕಾಲು ವಾಲಿತು.

"ಏನ್ ಕೊಮಾರೆ, ಬೆಳಿಗ್ಗೆ ಬೆಳಿಗ್ಗೆನೇ ಏರಿಸ್ಕೊಂಡ್ ಬಂದಿದೀರಾ?" ಎಂದ ಬಕೀಜಿಯೊ. "ಕಾಲು ಒಳ್ಳೇ ಮದುವೆ ಮನೇಲಿ ಕುಣಿದಂಗೆ ಕುಣೀತಿದೆ!"

"ಕುಡಿದಿದ್ರೆ ನಿಮ್ಮ ಮುಖ ನೋಡೋದಾದ್ರೂ ಸುಲಭ ಆಗ್ತಿತ್ತು, ಕೊಂಪಾರೆ."

ಒಂದಿಬ್ಬರು ಕಿಸಕ್ಕೆಂದರು. ಅದೇ ತಪ್ಪಾಯಿತು. ಬಕೀಜಿಯೊ ಎರಡೇ ಹೆಜ್ಜೆಗೆ ಬಂದವನು ಅವಳ ಟೋಪಿ ಕಿತ್ತು ಕೊಡವಿದ. ಸಕ್ಕರೆ ಅಚ್ಚುಗಳು ರಕ್ತ ಹರಿಯುವ ಚರಂಡಿಗೆ ಬಿದ್ದವು, ಕೆಂಪಾದವು, ಕರಗಿದವು.

"ಹಿಡ್ಕೊಳ್ಳಿ, ನೆಕ್ಕೊಳ್ಳಿ," ಎಂದು ಅವನು ಅವಳ ಎದೆಗೆ ಕೈಯಿಟ್ಟು ನೂಕಿದ.

ಪಾಸ್ಕಾ ಅಂಗಾತ ಚರಂಡಿಗೆ ಬಿದ್ದಳು. ಬಿಸಿ ರಕ್ತ ಕಾಲರಿನೊಳಗೆ ಇಳಿಯಿತು. ಏಳಲು ಮೂರು ಸಲ ಪ್ರಯತ್ನಪಟ್ಟಳು. ಎರಡು ಸಲ ಅಂಗೈ ಜಾರಿತು. ಮೂರನೆಯ ಸಲ ಎದ್ದಾಗ ಅವಳ ಬಲಗೈಯಲ್ಲಿ ಸೊಂಟದ ಒರೆಯ ಚೂರಿಯಿತ್ತು, ಎಡಗೈ ಅವನ ಏಪ್ರನ್ನಿನ ಪಟ್ಟಿಯನ್ನು ಹಿಡಿದೆಳೆದಿತ್ತು, ಚೂರಿಯ ಮೊನೆ ಹೊಕ್ಕುಳಿನ ಮೇಲಿತ್ತು.

"ಇನ್ನೊಂದ್ಸಲ ಮುಟ್ಟಿ. ಮುಟ್ಟಿ ನೋಡೋಣ. ನಿಮ್ಮ ಕರುಳು ಇದೇ ಚರಂಡೀಲಿ ಹೋಗುತ್ತೆ."

ಬಕೀಜಿಯೊನ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ಆದರೆ ಹಿಂದೆ ಸರಿಯಲೂ ಇಲ್ಲ. "ಚುಚ್ಚು," ಎಂದ. "ಚುಚ್ಚೇ. ಕೈ ನಡುಗ್ತಿದೆ ನಿಂದು. ಅದಕ್ಕೂ ಆಗಲ್ಲ ನಿನ್ನ ಕೈಲಿ."

ಚೂರಿಗಿಂತ ಆ ಏಕವಚನ ಹೆಚ್ಚು ಆಳಕ್ಕೆ ಹೋಯಿತು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಸರಪಳಿ ಕಟ್ಟುವ ಮುದುಕ ಎಫೀಸು ಹಿಂದಿನಿಂದ ಬಂದು ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದ. ಊರಿನವರೆಲ್ಲ ಅವನನ್ನು ತ್ಸಿಯು, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಿದ್ದರು. "ಬಿಡು ಮಗಾ. ಮೊದಲು ಸಕ್ಕರೆ ತಿನ್ನು, ಆಮೇಲೆ ಕೊಲ್ಲುವಿಯಂತೆ," ಎಂದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚೂರಿ ತೆಗೆದುಕೊಂಡ. ಸಂಗತಿ ಆಫೀಸಿಗೆ ಹೋಗಲಿಲ್ಲ. ಇಂಥವು ಅಲ್ಲಿಗೆ ಹೋಗುವುದಿಲ್ಲ.

ಮರುದಿನದಿಂದ ಬಕೀಜಿಯೊ ಪಿಸ್ತೂಲನ್ನು ತಾನೇ ಇಟ್ಟುಕೊಂಡ. ನಡುಗುವ ಕೈಗೆ ಅದನ್ನು ಕೊಡಬಾರದು ಎಂದ. ಪಾಸ್ಕಾಳಿಗೆ ಬಿಟ್ಟದ್ದು ಎರಡನೆಯ ಪಿಸ್ತೂಲು. ಮೊದಲನೆಯದು ಕೈಕೊಟ್ಟರೆ ಇರಲಿ ಎಂದು ತುಂಬಿಟ್ಟುಕೊಂಡಿರುವ ಅದನ್ನು ಹಿಡಿದು ಗೋಡೆಯ ಪಕ್ಕ ನಿಲ್ಲುವುದೇ ಅವಳ ಕೆಲಸ.

ಗುರುವಾರ ಆ ಹೋರಿ ಬಂತು. ಬೆಟ್ಟದ ಮೇಲೆ ಓಕ್ ಮರಗಳ ನಡುವೆ ಬಿಟ್ಟು ಸಾಕಿದ ಕೆಂಗಂದು ಹೋರಿ. ಸೂರನ್ನೇ ಕಾಣದ್ದು. ಲಾರಿಯಿಂದ ಇಳಿಸುವಾಗಲೇ ಒಬ್ಬನ ಮೊಣಕಾಲು ಒದ್ದು ಕೆಡವಿತ್ತು. ಹೊತ್ತಾಗಿದೆ ಎಂದು ಬಕೀಜಿಯೊ ಸಿಳ್ಳೆ ಹಾಕಿ ಎಲ್ಲರನ್ನೂ ತಿಂಡಿಯ ಮಧ್ಯದಲ್ಲೇ ಎಬ್ಬಿಸಿದ. ಪಾಸ್ಕಾ ಇನ್ಸುಲಿನ್ ಚುಚ್ಚಿಕೊಂಡಾಗಿತ್ತು; ಬ್ರೆಡ್ಡು ಚೀಸು ಅರ್ಧ ಹಾಗೇ ಉಳಿಯಿತು.

ಕಬ್ಬಿಣದ ಗೂಡಿನಲ್ಲಿ ಹೋರಿ ತಲೆಯನ್ನು ನಿಲ್ಲಿಸಲಿಲ್ಲ. ಮೇಲಿನ ಅಟ್ಟಣಿಗೆಯಲ್ಲಿ ನಿಂತು ಬಕೀಜಿಯೊ ಬೈದ, ಒತ್ತಿದ, ಹಾರಿಸಿದ. ಸದ್ದು ಬಂತು. ಹೋರಿ ಮಂಡಿಯೂರಿತು. ಅವನು ಪಕ್ಕದ ಬಾಗಿಲಿನ ಹಿಡಿ ಎಳೆದ. ಎಂಟು ಕ್ವಿಂಟಾಲಿನ ದೇಹ ಹೊರಕ್ಕೆ ಉರುಳಿತು. ಹಿಂಗಾಲಿಗೆ ಸರಪಳಿ ಹಾಕಲು ಎಫೀಸು ಬಗ್ಗಿದ.

ಹೋರಿಯ ಕಣ್ಣು ಮಿಟುಕಿತು. ಎಫೀಸು ನೋಡಿದ.

"ಎದ್ದಿದೆ!" ಎಂದು ಕಿರುಚಿ ಅವನು ಕಂಬಿಗಳ ಹಿಂದಕ್ಕೆ ಹಾರಿದ. ವಯಸ್ಸು ಅರವತ್ತೆರಡು, ಅಷ್ಟು ಎತ್ತರ ಅವನು ಮತ್ತೆಂದೂ ಹಾರಲಿಲ್ಲ. ಮೊಳೆ ಎರಡು ಬೆರಳು ಪಕ್ಕಕ್ಕೆ ಬಡಿದಿತ್ತು. ಹಣೆಯ ತೂತಿನಿಂದ ರಕ್ತ ಮೂಗಿಗೆ ಹರಿಯುತ್ತಿದ್ದಂತೆಯೇ ಹೋರಿ ನಾಲ್ಕು ಕಾಲಿನ ಮೇಲೆ ನಿಂತಿತು. ಜನ ಸಿಕ್ಕ ಸಿಕ್ಕ ಕಂಬಿ ದಾಟಿದರು. ಬಕೀಜಿಯೊ ಅಟ್ಟಣಿಗೆಯಿಂದ ಧುಮುಕಿ ಓಡಿದ. ತೊಳೆದ ನೆಲದಲ್ಲಿ ಬೂಟು ಜಾರಿತು. ಕೈಯಿಂದ ಪಿಸ್ತೂಲು ಸಿಡಿದು ಎಲ್ಲೋ ಹೋಯಿತು. ಎದ್ದು ನಿಲ್ಲುವಷ್ಟರಲ್ಲಿ ಬೆನ್ನಿಗೆ ಕಬ್ಬಿಣದ ಕಂಬವಿತ್ತು, ಎದುರಿಗೆ ಹೋರಿ.

ಮೊದಲ ಸಲ ಹಾಯ್ದಾಗ ಸೊಂಟದ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಪಾಸ್ಕಾ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ಕೈಯಲ್ಲಿ ತುಂಬಿದ ಪಿಸ್ತೂಲು. ಎಡಗಾಲು ಮರಳಿನ ಮೂಟೆಯಾಗಿತ್ತು. ನಾಲಗೆ ಜೋಮು, ಬೆನ್ನಿನಲ್ಲಿ ತಣ್ಣನೆ ಬೆವರು. ಅದೆಲ್ಲದರ ಮಧ್ಯೆ ತಲೆಯೊಳಗೆ ಒಂದು ಮಾತು ನಿಚ್ಚಳವಾಗಿ ಕೇಳಿಸಿತು: ಆಗಲಿ.

ಹೋರಿ ಹಿಂದೆ ಸರಿದು ಎರಡನೆಯ ಸಲ ಹಾಯ್ದಿತು. ಕೋಡು ಪಕ್ಕೆಗೆ ನುಗ್ಗಿತು. ಬಕೀಜಿಯೊ ಕೂಗಲಿಲ್ಲ, ಬಾಯಿಂದ ಗಾಳಿ ಮಾತ್ರ ಬಂತು. ಹೋರಿಯ ಭುಜದ ಮೇಲಿಂದ ಅವನು ಪಾಸ್ಕಾಳನ್ನು ನೋಡಿದ. ಅವಳು ಅವನನ್ನು ನೋಡಿದಳು.

"ಪಾಸ್ಕಾ!" ಎಫೀಸು ಕಂಬಿಗಳ ಹಿಂದಿನಿಂದ ಅರಚಿದ. "ಹೋಗೇ! ಪಾಸ್ಕಾ!"

ಮೂರನೆಯ ಸಲ ಹಾಯ್ದಾಗ ಅವನ ಪಾದಗಳು ನೆಲ ಬಿಟ್ಟವು.

ಆಗ ಅವಳು ನಡೆದಳು. ಎಡಗಾಲನ್ನು ಎಳೆದುಕೊಂಡೇ, ಓಡದೆ, ನಾಲ್ಕು ಹೆಜ್ಜೆ. ಹೋರಿ ಅವನನ್ನು ಕಂಬಕ್ಕೆ ಅದುಮಿ ತಲೆಯನ್ನು ಓರೆಯಾಗಿ ಒತ್ತಿ ಹಿಡಿದಿತ್ತು. ಅದೊಂದೇ ಕ್ಷಣ ಆ ತಲೆ ಅಲುಗಲಿಲ್ಲ. ಅವಳು ಕೋಡಿನ ಬುಡ ಹಿಡಿದು, ಎಡಗಣ್ಣು ಮುಚ್ಚಿ, ಹೋರಿಯ ಕಣ್ಣುಗಳಿಗೂ ಕೋಡುಗಳಿಗೂ ನಡುವಿನ ಜಾಗಕ್ಕೆ ಪಿಸ್ತೂಲು ಒತ್ತಿ ಹಾರಿಸಿದಳು. ಕೈ ನಡುಗಲಿಲ್ಲ. ಹೋರಿ ಮಡಚಿಕೊಂಡು ಬಿತ್ತು. ಅದರ ಕತ್ತಿನ ಕೆಳಗೆ ಅವಳ ಕಾಲೂ ಸಿಕ್ಕಿಬಿತ್ತು. ಎಫೀಸು ಧಾವಿಸಿ ಬಂದು ಹೋರಿಯ ಗಂಟಲು ಸೀಳಿದ. ರಕ್ತ ಚಿಮ್ಮಿ ಮೂವರನ್ನೂ ತೋಯಿಸಿತು. ಅದೇ ಕೈಯಲ್ಲಿ ಅವನು ಮಂಗಳವಾರದಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದ ಕಾಫಿ ಯಂತ್ರದ ಸಕ್ಕರೆ ಪೊಟ್ಟಣಗಳನ್ನು ಹರಿದು ಅವಳ ಬಾಯಿಗೆ ಸುರಿದ. ಸಿಹಿಯ ಜೊತೆ ಉಪ್ಪು ರಕ್ತವೂ ಗಂಟಲಿಗಿಳಿಯಿತು.

ಸ್ಟ್ರೆಚರಿಗೆ ಹಾಕುವಾಗ ಬಕೀಜಿಯೊನಿಗೆ ಇನ್ನೂ ಎಚ್ಚರವಿತ್ತು. "ನೋಡ್ತಾ ನಿಂತಿದ್ದೆ ನೀನು," ಎಂದ. ಕೇಳಬೇಕಾದವರೆಲ್ಲ ಕೇಳಿಸಿಕೊಂಡರು.

ನಾಲ್ಕನೆಯ ದಿನ ವಿಚಾರಣೆಗೆ ಅಧಿಕಾರಿಯೊಬ್ಬಳು ಬಂದಳು. ಅದಕ್ಕೆ ಮೊದಲು ಪಾಸ್ಕಾಳ ಅಡುಗೆಮನೆಗೆ ಎಫೀಸು ಬಂದು ಕೂತ.

"ಕಾಲು ಬರ್ಲಿಲ್ಲ ಅನ್ನು, ಮುಗೀತು. ನಿನ್ನ ಕಾಯಿಲೆ ಕಾಗದ ಒಂದು ಕಪಾಟು ತುಂಬ ಇದೆ. ಯಾರು ಅಲ್ಲ ಅಂತಾರೆ?"

"ಕಾಲು ಬರ್ಲಿಲ್ಲ ನಿಜ, ತ್ಸಿಯು."

"ಮತ್ತೆ?"

"ನಾನು ಕಾಲನ್ನ ಕರೆದ್ನೋ ಇಲ್ವೋ ಗೊತ್ತಿಲ್ಲ."

ಮುದುಕ ಟೋಪಿ ಎತ್ತಿಕೊಂಡ. "ಅದನ್ನ ಆ ಹೆಂಗಸಿನ ಮುಂದೆ ಹೇಳ್ಬೇಡ," ಎಂದು ಎದ್ದು ಹೋದ.

ಅವಳು ಹೇಳಿದಳು. ಯಾಕೆ ಹೇಳಿದಳು ಎಂದರೆ, ಮೂರು ರಾತ್ರಿ ಅದನ್ನೇ ತಿರುಗಿಸಿ ಮುರುಗಿಸಿ ನೋಡಿ ಸಾಕಾಗಿತ್ತು. ಒಂಬತ್ತು ವರ್ಷದಿಂದ ಅವಳ ಕೈಕಾಲು ಹೇಳಿದ್ದನ್ನು ಮಾಡದೆ ಇದ್ದಾಗಲೆಲ್ಲ ತಪ್ಪು ಕಾಯಿಲೆಯದು. ತಟ್ಟೆ ಒಡೆದರೆ ಕಾಯಿಲೆ, ಮೆಟ್ಟಿಲು ತಪ್ಪಿದರೆ ಕಾಯಿಲೆ, ಅಕಾರಣ ಸಿಟ್ಟು ಬಂದರೆ ಇಳಿದ ಸಕ್ಕರೆ. ತನ್ನದು ಅಂತ ಒಂದು ತಪ್ಪೂ ಉಳಿದಿರಲಿಲ್ಲ. ಈಗ ಒಬ್ಬ ಮನುಷ್ಯ ಮುರಿದು ಬಿದ್ದಿದ್ದಾನೆ, ಇದನ್ನೂ ಕಾಯಿಲೆಯ ಹೆಗಲಿಗೆ ಹಾಕಿಬಿಟ್ಟರೆ ತಾನು ಎಲ್ಲಿದ್ದೇನೆ ಎಂದು ಅವಳಿಗೇ ತಿಳಿಯದಾಗಿತ್ತು.

"ಎಷ್ಟು ಹೊತ್ತು ನಿಂತಿದ್ರಿ?" ಅಧಿಕಾರಿ ಕೇಳಿದಳು.

"ಮೂರು ಸಲ ಹಾಯುವಷ್ಟು."

"ಕಾಲು ಸೋತಿತ್ತಾ?"

"ಸೋತಿತ್ತು. ಸಕ್ಕರೆನೂ ಇಳಿದಿತ್ತು. ಸಾಯ್ಲಿ ಅಂತಲೂ ಅನ್ನಿಸಿತ್ತು. ಮೂರರಲ್ಲಿ ಯಾವುದು ನನ್ನ ನಿಲ್ಲಿಸ್ತು ಅಂತ ಕೇಳಿದ್ರೆ ಹೇಳಕ್ಕೆ ಬರಲ್ಲ."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದಳು. ಪೆನ್ನು ಕೆಳಗಿಟ್ಟು, "ಕೊನೇದನ್ನ ಬರ್ಕೋಬೇಕಾ?" ಎಂದಳು.

"ಎಲ್ಲಾ ಬರ್ಕೊಳಿ."

ನರರೋಗ ವೈದ್ಯರನ್ನೂ ಕೇಳಿದರು. ಆ ಕ್ಷಣದಲ್ಲಿ ನರ ಏನು ಮಾಡಿತು ಎಂದು ಹೇಳುವ ಯಂತ್ರ ಇನ್ನೂ ಬಂದಿಲ್ಲ ಎಂದು ಅವರು ಬರೆದುಕೊಟ್ಟರು. ಪಾಸ್ಕಾಳ ಪಿಸ್ತೂಲಿನ ಪರವಾನಗಿ ಹೋಯಿತು. ಮೂರು ವಾರ ಮನೆಯಲ್ಲಿರಿ ಎಂದರು. ಹೋರಿಗೆ ಪ್ರಜ್ಞೆ ತಪ್ಪಿದೆಯೇ ಎಂದು ಪರೀಕ್ಷಿಸದೆ ಬಾಗಿಲು ತೆರೆದದ್ದು ಮೇಸ್ತ್ರಿಯದೇ ತಪ್ಪು ಎಂದು ಉಳಿದದ್ದನ್ನು ಮುಚ್ಚಿದರು. ಊರು ಎರಡು ಪಾಲಾಯಿತು. ಬೇಕರಿಯಲ್ಲಿ ಒಬ್ಬಳು ಅವಳ ಕೈ ಒತ್ತಿದಳು, ಇನ್ನೊಬ್ಬಳು ಕಾಲ ಬಳಿ ಉಗಿದಳು.

ಎರಡನೆಯ ವಾರ ಅವಳು ಆಸ್ಪತ್ರೆಗೆ ಹೋದಳು. ಕಾರಿಡಾರಿನಲ್ಲಿ ಬಸ್ತಿಯಾನಾ ಕೂತಿದ್ದಳು. ಪಾಸ್ಕಾ ಇಗರ್ಜಿಯಲ್ಲಿ ಎತ್ತಿಕೊಂಡಿದ್ದ ಆ ಕೂಸು ಈಗ ಇಪ್ಪತ್ತರ ಹುಡುಗಿ. ಎದ್ದು ಬಂದವಳು ತಬ್ಬಿಕೊಳ್ಳಲಿಲ್ಲ, ಬೈಯಲೂ ಇಲ್ಲ.

"ಮದ್ರೀನಾ," ಎಂದಳು. ಎತ್ತಿಕೊಂಡವಳನ್ನು ಹಾಗೆ ಕರೆಯುವುದು ಅಲ್ಲಿಯ ರೂಢಿ. "ನಿಮಗೆ ಒಂದು ವಿಷಯ ಹೇಳ್ಬೇಕು. ಅಪ್ಪ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾನೆ. ಏಪ್ರಿಲ್‌ನಲ್ಲಿ ನನ್ನ ಬಲಗಣ್ಣು ಮಂಜಾಯ್ತು. ಸ್ಕ್ಯಾನ್ ಮಾಡಿದ್ರು. ನಿಮ್ಮದೇ."

"ನನ್ನದೇ ಅಂದ್ರೆ?"

"ನಿಮ್ಮ ಕಾಯಿಲೆನೇ, ಸ್ಕ್ಲೆರೋಸಿಸ್. ಅವತ್ತಿನಿಂದ ಅಪ್ಪ ಕೆಲಸದಿಂದ ಬಂದು ಗೋಡೆಗೆ ಗುದ್ದೋನು. 'ಇವತ್ತೂ ಬಿದ್ಲು' ಅನ್ನೋನು. 'ಎಲ್ಲಾರ್ ಮುಂದೆ ಬಿದ್ಲು'. ಗುದ್ದಿ ಗುದ್ದಿ ಬೆರಳೆಲ್ಲ ರಕ್ತ."

ಪಾಸ್ಕಾಳಿಗೆ ಮೊದಲು ಬಂದದ್ದು ಕನಿಕರವಲ್ಲ. ಕೋಪ. ಈ ಮನುಷ್ಯ ಎರಡು ತಿಂಗಳು ತನ್ನನ್ನು ನೋಡಿರಲೇ ಇಲ್ಲ. ತನ್ನ ಮೈಯಲ್ಲಿ ಅವನ ಮಗಳನ್ನು ನೋಡಿದ್ದ, ಆ ಮಗಳನ್ನೇ ಚರಂಡಿಗೆ ನೂಕಿದ್ದ. ಹುಡುಗಿಯ ಕೆನ್ನೆ ಮುಟ್ಟಿ ಅವಳು ಒಳಗೆ ಹೋದಳು.

ಸೊಂಟಕ್ಕೆ ಉಕ್ಕಿನ ಚೌಕಟ್ಟು, ಪಕ್ಕೆಯಲ್ಲಿ ಕೊಳವೆ. ಒಂದು ಮೂತ್ರಪಿಂಡ ತೆಗೆದಿದ್ದರು. ಬಕೀಜಿಯೊ ಕಣ್ಣು ತೆರೆದ.

"ಎಷ್ಟು ಎಣಿಸ್ದೆ?"

"ಮೂರು."

"ಕಾಲಾ, ನೀನಾ?"

"ಗೊತ್ತಿಲ್ಲ, ಕೊಂಪಾರೆ."

"ಕಾಲು ಅನ್ನು. ಸುಳ್ಳಾದ್ರೂ ಹೇಳು."

"ಹೇಳಿದ್ರೆ ನಂಬ್ತೀರಾ?"

"ಇಲ್ಲ."

"ನಾನೂ ಒಂದು ಕೇಳ್ತೀನಿ. ನನ್ನ ಚರಂಡಿಗೆ ನೂಕಿದ್ದು ನಿಮ್ಮ ಕೈಯಾ, ನೀವಾ?"

ಅವನ ಕೈ ಹಾಸಿಗೆಯಿಂದ ಚಿಮ್ಮಿ ಅವಳ ಮಣಿಕಟ್ಟು ಹಿಡಿಯಿತು. ಹೋರಿಗಳ ಕತ್ತು ತಿರುಚಿ ಬೆಳೆದ ಕೈ. ತಿರುವಿದ. ಅವಳು ಬಿಡಿಸಿಕೊಳ್ಳಲಿಲ್ಲ, ಮಂಪರು ಬೆರಳುಗಳಿಗೂ ಆ ನೋವು ತಲುಪಿತು. ಅವನ ತೋಳಿನ ಸೂಜಿ ಕಿತ್ತು ಬಂದು ಹಾಳೆಯ ಮೇಲೆ ರಕ್ತ ಹರಿಯಿತು. "ಹೇಳ್ಬಿಟ್ಲಾ," ಎಂದ. "ಹೇಳ್ಬಿಟ್ಲಾ ನಿನಗೆ?" ಕಣ್ಣಿಂದ ನೀರಿಳಿಯುತ್ತಿತ್ತು, ಕೈ ಮಾತ್ರ ಬಿಡಲಿಲ್ಲ. ಇಬ್ಬರು ನರ್ಸುಗಳು ಬಂದು ಬಿಡಿಸಬೇಕಾಯಿತು. ಅವಳ ಮಣಿಕಟ್ಟಿನ ಸಣ್ಣ ಮೂಳೆ ಬಿರುಕು ಬಿಟ್ಟಿತ್ತು. ಊರಿನ ವೈದ್ಯರ ಬಳಿ ಬಾಗಿಲಿಗೆ ಸಿಕ್ಕಿಕೊಂಡಿತು ಎಂದು ಅವಳು ಬರೆಸಿದಳು.

ಅವನು ಕಸಾಯಿಖಾನೆಗೆ ಮತ್ತೆ ಹೋಗಲಿಲ್ಲ. ಹೊಸ ಮೇಸ್ತ್ರಿ ಪಾಸ್ಕಾಳನ್ನು ತಂಪುಕೋಣೆಗೆ ಕಳಿಸಿದ. ಸಕ್ಕರೆಗೆಂದು ಬಾಗಿಲ ಪಕ್ಕ ಒಂದು ಪೆಟ್ಟಿಗೆ ಇಡಲು ಒಪ್ಪಿದ. ಪಟ್ಟಿ ಕಟ್ಟಿದ ಕೈಯಲ್ಲೇ ಅವಳು ಚೂರಿ ಹಿಡಿದಳು, ಮೊದಲಿಗಿಂತ ನಿಧಾನವಾಗಿ.

ಸೆಪ್ಟೆಂಬರಿನಲ್ಲಿ ಬಸ್ತಿಯಾನಾ ಅವಳನ್ನು ಮನೆಗೆ ಕರೆದಳು. ಹುಡುಗಿಗೆ ತಿಂಗಳಿಗೊಮ್ಮೆ ಚುಚ್ಚಿಕೊಳ್ಳುವ ಮದ್ದು ಶುರುವಾಗಿತ್ತು. ಮೊದಲ ಸಲಗಳು ಆಸ್ಪತ್ರೆಯಲ್ಲಿ ಆಗಿದ್ದವು, ಇದು ಮನೆಯಲ್ಲಿ ಮೊದಲನೆಯದು. ಮೂವತ್ತೈದು ವರ್ಷದಿಂದ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವವಳಿಗಿಂತ ಚೆನ್ನಾಗಿ ಇನ್ಯಾರು ಹೇಳಿಕೊಟ್ಟಾರು? ಅಡುಗೆಮನೆಯ ಮೂಲೆಯಲ್ಲಿ, ಗಾಲಿ ಕುರ್ಚಿಯಲ್ಲಿ ಬಕೀಜಿಯೊ ಕೂತಿದ್ದ. ಪಾಸ್ಕಾ ನಮಸ್ಕರಿಸಿದಳು. ಅವನು ಗೋಡೆ ನೋಡಿದ.

"ತೊಡೆ ಮಾಂಸ ಹೀಗೆ ಎತ್ತಿ ಹಿಡ್ಕೊ," ಎಂದಳು ಪಾಸ್ಕಾ. "ಉಸಿರು ಬಿಡು. ನೋಡ್ತಾ ಚುಚ್ಕೋಬೇಕು, ಕಣ್ಣು ಮುಚ್ಚಬಾರ್ದು."

"ನೋಯುತ್ತಾ?"

"ನೋಯುತ್ತೆ."

ಫಳ್ ಎಂದು ಸದ್ದಾಯಿತು. ಬಕೀಜಿಯೊ ಎಸೆದ ವೈನಿನ ಲೋಟ ಪಾಸ್ಕಾಳ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿದು ಚೂರಾಗಿತ್ತು. ಒಂದು ಚೂರು ಅವಳ ಕೆನ್ನೆ ಸೀಳಿತ್ತು. ಬಸ್ತಿಯಾನಾಳ ಕೈ ತೊಡೆಯ ಮೇಲೇ ನಿಂತಿತು. ಬಕೀಜಿಯೊ ಏದುಸಿರು ಬಿಡುತ್ತಿದ್ದ. ಮೇಜಿನ ಮೇಲೆ ಅವನ ಕೈಗೆ ಎಟುಕುವಂತೆ ಇನ್ನೊಂದು ಲೋಟವಿತ್ತು.

ಪಾಸ್ಕಾ ತಿರುಗಿ ನೋಡಲಿಲ್ಲ. ಕೆನ್ನೆ ಒರೆಸಿಕೊಳ್ಳಲೂ ಇಲ್ಲ.

"ನಿಮ್ಮ ಗುರಿ ಹೋರಿ ದಿನದಿಂದ್ಲೂ ಹಾಗೇ ಇದೆ, ಕೊಂಪಾರೆ," ಎಂದಳು. ಆಮೇಲೆ ಹುಡುಗಿಯ ಕಡೆಗೆ ಬಗ್ಗಿ, "ನೀನು ಒತ್ತು. ಹತ್ತರವರೆಗೆ ಎಣಿಸಿ ಆಮೇಲೆ ತೆಗಿ."

ಬಸ್ತಿಯಾನಾ ಒತ್ತಿದಳು. ಗಟ್ಟಿಯಾಗಿ ಎಣಿಸತೊಡಗಿದಳು. ಮೂಲೆಯಲ್ಲಿ ಅವಳಪ್ಪನ ಕೈ ಲೋಟದ ಮೇಲಿತ್ತು. ಏಳು ಎನ್ನುವಾಗಲೂ ಅಲ್ಲೇ ಇತ್ತು. ಹತ್ತು ಎಂದಾಗ ಅವನು ಅದನ್ನು ಎತ್ತಿ, ಉಳಿದಿದ್ದ ವೈನನ್ನು ಕುಡಿದು, ಖಾಲಿ ಲೋಟವನ್ನು ಮೇಜಿಗೆ ಕುಟ್ಟಿದ.